ಶಹಾಬಾದ್ ಕಲ್ಲಿನಲ್ಲಿ ಇಲ್ಲದ ಬಿಲ

(ಕಲಬುರಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತು. ಟಿಪ್ಪಣಿಗಳಿಂದ ಬರೆದುಕೊಂಡದ್ದು.)

ಮಾತು ಶುರು ಮಾಡುವ ಮೊದಲು ಎಲ್ಲರೂ ಒಮ್ಮೆ ಕಾಲ ಕೆಳಗೆ ನೋಡಿ. ಈ ಸಭಾಂಗಣದ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲೂ ಇದು ಇದ್ದೇ ಇರುತ್ತದೆ. ಪಡಸಾಲೆಯಲ್ಲಿ, ಅಡುಗೆಮನೆಯ ಕಟ್ಟೆ ಮೇಲೆ, ಬಚ್ಚಲಲ್ಲಿ, ಹೊಸ್ತಿಲ ಹೊರಗಿನ ಮೆಟ್ಟಿಲಲ್ಲಿ. ನಮ್ಮ ಕಡೆ ಇದಕ್ಕೆ ಪರಸಿ ಅಂತಲೂ ಹೇಳುತ್ತೇವೆ. ಮೇ ತಿಂಗಳ ಮಧ್ಯಾಹ್ನ ಊಟ ಮುಗಿಸಿ, ಚಾಪೆಯೂ ಇಲ್ಲದೆ ಇದರ ಮೇಲೆ ಮಲಗಿದವರಿಗೆ ಇದರ ಬೆಲೆ ಗೊತ್ತು.

ನಾನು ಇವತ್ತು ಮಾತಾಡಬೇಕಿರುವುದು ಕಡಲ ಆಳದ ಕೆಸರಿನಲ್ಲಿ ಬಿಲ ತೋಡಿಕೊಂಡು ಬದುಕುವ ಒಂದು ಸಣ್ಣ ಪ್ರಾಣಿಯ ಬಗ್ಗೆ. ಹೆಸರು ಕ್ಯಾಲೊಕ್ಯಾರಿಸ್. ಏಡಿ, ಸಿಗಡಿಗಳ ಬಳಗದ್ದು. ಕಲಬುರಗಿಯಲ್ಲಿ ಕೂತು ಕಡಲ ತಳದ ಪ್ರಾಣಿಯ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ಇಲ್ಲಿಂದ ನೇರ ಪಶ್ಚಿಮಕ್ಕೆ ಹೋದರೂ ಕಡಲು ಸಿಗಲು 400 ಕಿಲೋಮೀಟರ್ ಹತ್ತಿರ ಹತ್ತಿರ ಬೇಕು. ಆದರೆ ನಾವು ಈಗ ಕಾಲಿಟ್ಟಿರುವುದು ಕಡಲ ತಳದ ಮೇಲೆಯೇ. ಈ ಕಲ್ಲು ಒಂದು ಕಾಲಕ್ಕೆ ಕಡಲಿನ ಸುಣ್ಣದ ಕೆಸರಾಗಿತ್ತು. ನನಗಂತೂ ಆ ಪ್ರಾಣಿಯ ಬಗ್ಗೆ ಓದಿದ ಮೇಲೆಯೇ ಈ ಕಲ್ಲು ಅರ್ಥವಾದದ್ದು. ಹಾಗಾಗಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ಮೊದಲು ಕಲ್ಲಿನ ಕಥೆ. ನನ್ನ ಸೋದರಮಾವ ಚಿತ್ತಾಪುರದ ಕಡೆ ಒಂದು ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಹಿಂದೆ ಹೋಗಿ ದಂಡೆಯ ಮೇಲೆ ಕೂರುತ್ತಿದ್ದೆ. ಅವರು ಪದರದ ಸಂದಿನಲ್ಲಿ ಉಳಿ ಇಟ್ಟು, ಸುತ್ತಿಗೆಯಿಂದ ಹದವಾಗಿ ಹೊಡೆಯುತ್ತಾ, ಸದ್ದು ಕೇಳುತ್ತಾ ಮುಂದೆ ಸರಿಯುತ್ತಿದ್ದರು. ಸದ್ದು ಬದಲಾದ ಕೂಡಲೇ ನಿಲ್ಲಿಸುತ್ತಿದ್ದರು. ಆಮೇಲೆ ಇಬ್ಬರು ಹಾರೆ ಹಾಕಿ ಮೀಟಿದರೆ, ಮಂಚದಷ್ಟು ಅಗಲದ ಕಲ್ಲು ಹೆಂಚಿನ ಮೇಲಿಂದ ರೊಟ್ಟಿ ಎದ್ದ ಹಾಗೆ ಎದ್ದು ಬರುತ್ತಿತ್ತು. ಕೆಳಗಿನ ಮುಖವೂ ಸಪಾಟು, ಮೇಲಿನ ಮುಖವೂ ಸಪಾಟು.

"ಮಾವ, ಒಳಗ ಹಿಂಗ ಸಪಾಟ ಅದ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ?" ಅಂತ ಕೇಳಿದ್ದೆ.

"ಪದರ ಪದರ ಇಟ್ಟವನು ಬ್ಯಾರೆ ಅದಾನ. ನಾವು ಬಿಚ್ಚೋದಷ್ಟ," ಅಂದಿದ್ದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ವರ್ಷ ಉಳಿಯಿತು. ಕೆಸರು ಇಷ್ಟು ಅಚ್ಚುಕಟ್ಟಾಗಿ ಯಾಕೆ ಇರಬೇಕು? ಕೆಸರು ಅಂದರೆ ಕಲಸಿದ್ದು, ತುಳಿದದ್ದು, ರಾಡಿ. ನಮ್ಮೂರ ಕೆರೆಯ ದಂಡೆಯ ಕೆಸರನ್ನು ನೋಡಿ. ಎಮ್ಮೆ ಕಾಲು, ಏಡಿ ಬಿಲ, ಹುಳದ ದಾರಿ, ಕೊಕ್ಕರೆ ಹೆಜ್ಜೆ. ಒಂದು ಗೇಣು ಜಾಗ ಸಪಾಟಾಗಿ ಸಿಗುವುದಿಲ್ಲ.

ಭೂವಿಜ್ಞಾನಿಗಳು ನಮ್ಮ ಈ ಸೀಮೆಗೆ ಭೀಮಾ ಜಲಾನಯನ ಅನ್ನುತ್ತಾರೆ. ಇದು ಇವತ್ತಿನ ಭೀಮಾ ನದಿಯ ಮಾತಲ್ಲ, ನದಿ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಒಂದು ಕಡಲಿನ ತಗ್ಗು. ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಡಿ, ವಿಜಯಪುರದ ಒಂದು ಅಂಚು ಸೇರಿ, ತೆಲಂಗಾಣದ ತಾಂಡೂರಿನ ತನಕ ಹೋಗುತ್ತದೆ. ಶಹಾಬಾದ್, ವಾಡಿ, ಸೇಡಂ, ಮಳಖೇಡದ ಸುತ್ತ ನೀವು ಕಾಣುವ ಸುಣ್ಣಕಲ್ಲು ಎಲ್ಲಾ ಅದರದ್ದೇ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸಾಲಾಗಿ ಬಂದಿರುವುದು ಅದಕ್ಕೇ. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದವರು ಪಕ್ಕದ ಕನಗನಹಳ್ಳಿಯ ಸ್ತೂಪ ನೋಡಿರುತ್ತೀರಿ. ಅಲ್ಲಿ ಅಶೋಕನ ಶಿಲ್ಪ ಇದೆ, ರಾಜ ಅಶೋಕ ಅನ್ನುವ ಅರ್ಥದಲ್ಲಿ ಹೆಸರೂ ಕೆತ್ತಿದೆ. ಅಶೋಕ ಹೀಗಿದ್ದ ಅಂತ ಹೆಸರು ಸಮೇತ ತೋರಿಸುವ ಆ ಕಲ್ಲು ಕೂಡ ಇದೇ ಸುಣ್ಣಕಲ್ಲು. ಸಾಮ್ರಾಟನ ಮುಖ ಮೂಡಿದ್ದು ನಮ್ಮ ಕಡಲ ಕೆಸರಿನ ಮೇಲೆ ಅಂತ ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಆ ಕಡಲು ಆಳದ್ದಲ್ಲ. ನೀರು ಶಾಂತವಾಗಿತ್ತು. ಸುಣ್ಣದ ನುಣುಪಾದ ಕೆಸರು ಮೆಲ್ಲಗೆ ಕೂತಿತು. ನಡುನಡುವೆ ಜೇಡಿಯ ತೆಳ್ಳನೆ ಪೊರೆ ಬಂತು. ಆ ಪೊರೆಯ ಗುಂಟ ಕಲ್ಲು ಬಿಚ್ಚಿಕೊಳ್ಳುತ್ತದೆ. ನಮ್ಮ ಮಾವ ಉಳಿ ಇಡುತ್ತಿದ್ದದ್ದು ಅಲ್ಲಿಯೇ. ಇದು ಅರ್ಧ ಉತ್ತರ. ಪದರ ಕೂತದ್ದು ಹೇಗೆ ಅಂತ ಗೊತ್ತಾಯಿತು. ಕೂತ ಪದರ ಹಾಗೇ ಉಳಿದದ್ದು ಯಾಕೆ? ಉಳಿದ ಅರ್ಧಕ್ಕೆ ನಾವು ಕಡಲಿಗೆ ಇಳಿಯಬೇಕು.

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ನಾವು ಎಷ್ಟು ಮೇಲಿದ್ದೇವೋ ಅಷ್ಟೇ ಕೆಳಗೆ ಹೋಗೋಣ. ಅಲ್ಲಿ ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಮೈ ಮೇಲೆ ಈಗ ಇರುವ ಗಾಳಿಯ ಒತ್ತಡದ 45 ಪಟ್ಟಿಗೂ ಹೆಚ್ಚು ಒತ್ತಡ. ನೀರು ತಣ್ಣಗೆ. ಕೆಳಗೆ ಮೆತ್ತನೆಯ ಕೆಸರು, ಕಣ್ಣು ಹಾಯಿಸಿದಷ್ಟೂ ಬಯಲು. ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. 1840ರ ದಶಕದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ದೊಡ್ಡ ವಿಜ್ಞಾನಿಗೂ ಹಾಗೇ ಅನ್ನಿಸಿತ್ತು. ಸುಮಾರು 550 ಮೀಟರಿನ ಕೆಳಗೆ ಜೀವವೇ ಇರಲಿಕ್ಕಿಲ್ಲ ಅಂತ ಅವರು ಅಂದಾಜು ಮಾಡಿದರು. ತಪ್ಪು ಅಂತ ಬೇಗ ಗೊತ್ತಾಯಿತು. ಆ ಬಯಲಿನಲ್ಲಿ ತೂತುಗಳಿವೆ. ಪ್ರತಿ ತೂತಿನ ಕೆಳಗೂ ಒಂದು ಮನೆ.

ಕ್ಯಾಲೊಕ್ಯಾರಿಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಚೆಂದದ ಸಿಗಡಿ. ಈ ಕುಲಕ್ಕೆ ಹೆಸರಿಟ್ಟವರು ಇಂಗ್ಲೆಂಡಿನ ಥಾಮಸ್ ಬೆಲ್, 19ನೇ ಶತಮಾನದ ನಡುವಿನಲ್ಲಿ. ಚೆನ್ನಾಗಿ ಗೊತ್ತಿರುವ ಜಾತಿ ಕ್ಯಾಲೊಕ್ಯಾರಿಸ್ ಮ್ಯಾಕ್‌ಆಂಡ್ರಿಯೆ. ರಾಬರ್ಟ್ ಮ್ಯಾಕ್‌ಆಂಡ್ರೂ ಅಂತ ಒಬ್ಬರಿದ್ದರು, ಕಬ್ಬಿಣದ ಚೌಕಟ್ಟಿನ ಬಲೆಚೀಲವನ್ನು ಹಗ್ಗ ಕಟ್ಟಿ ಕಡಲ ತಳದಲ್ಲಿ ಎಳೆದು ಪ್ರಾಣಿಗಳನ್ನು ಕೂಡಿಸುವುದೇ ಅವರ ಹುಚ್ಚು. ಅವರ ಹೆಸರು ಅದಕ್ಕೆ ಬಂತು. ಅಟ್ಲಾಂಟಿಕ್ ಸಾಗರದ ಈಶಾನ್ಯದಲ್ಲಿ, ಸ್ಕಾಟ್‌ಲ್ಯಾಂಡಿನ ಕಡಲ ತೋಳುಗಳಲ್ಲಿ, ಮೆಡಿಟರೇನಿಯನ್‌ನಲ್ಲಿ ಇದು ಇದೆ. ಕೆಲವು ಹತ್ತು ಮೀಟರ್ ಆಳದಿಂದ ಹಿಡಿದು 1000 ಮೀಟರಿಗೂ ಕೆಳಗಿನ ತನಕ.

ಗಾತ್ರ ನಿಮ್ಮ ಕಿರುಬೆರಳಿನಷ್ಟು. ಬಣ್ಣ ನಸುಗೆಂಪು. ಮುಂದೆ ಎರಡು ಕೊಂಡಿ. ಸಂತೆಯಲ್ಲಿ ಒಣಗಿಸಿ ಮಾರುವ ಝಿಂಗಾ ನೋಡಿದವರು ಇದನ್ನೂ ಝಿಂಗಾ ಅಂದುಬಿಡಬಹುದು. ಆದರೆ ಇದು ನೀರಿನಲ್ಲಿ ಈಜಾಡುವ ಸಿಗಡಿ ಅಲ್ಲ. ಪೂರಾ ನಳ್ಳಿಯ, ಅಂದರೆ ಲಾಬ್‌ಸ್ಟರಿನ, ಕಡೆಯದೂ ಅಲ್ಲ. ಕೆಸರಿನೊಳಗೆ ಮನೆ ಮಾಡುವವರದ್ದೇ ಒಂದು ಬೇರೆ ಬಳಗ ಇದೆ, ಅದಕ್ಕೆ ಸೇರಿದ್ದು. ಇದಕ್ಕೆ ಕಣ್ಣಿದೆ, ಕಣ್ಣಿನ ಕಾಂಡ ಇದೆ, ಆದರೆ ಕಣ್ಣಿನಲ್ಲಿ ಬಣ್ಣವಿಲ್ಲ, ನೋಡುವ ಅಂಗಳವಿಲ್ಲ. ಕುರುಡು. ಕಗ್ಗತ್ತಲ ಬಿಲದಲ್ಲಿ ಬಾಳುವ ಜೀವಕ್ಕೆ ಮೀಸೆಗಳೇ ಸಾಕು.

ನಮ್ಮ ದೇಶದ ನಂಟನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1872ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಜೇಮ್ಸ್ ವುಡ್-ಮೇಸನ್ ಅಂಡಮಾನ್ ಕಡಲಿನ ಆಳದಿಂದ ಬಂದ ಒಂದು ಪುಟ್ಟ ನಳ್ಳಿಗೆ ನೆಫ್ರಾಪ್ಸಿಸ್ ಸ್ಟೀವಾರ್ಟಿ ಅಂತ ಹೆಸರಿಟ್ಟರು. ಅದೂ ಮೆತ್ತನೆಯ ಕೆಸರಿನ ಪ್ರಾಣಿ. ಅದರ ಕಣ್ಣೂ ಬತ್ತಿ ಹೋಗಿದೆ. ಲೋಕದ ಬೇರೆ ಬೇರೆ ಕಡಲುಗಳಿಂದ ಆಮೇಲೆ ಬಂದ ಅದರ ಒಡಹುಟ್ಟುಗಳಿಗೆಲ್ಲ ಕುಲದ ಹೆಸರು ಹುಟ್ಟಿದ್ದು ನಮ್ಮ ಕಡಲಿನ ಒಂದು ಪ್ರಾಣಿಯಿಂದ.

ಈಗ ಬಿಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದೇ ಮುಖ್ಯ.

ಕೆಸರಿನೊಳಗಿನ ಬಿಲ ಹೇಗಿದೆ ಅಂತ ನೋಡುವುದು ಹೇಗೆ? ಅಗೆದರೆ ಕುಸಿಯುತ್ತದೆ. ಸ್ಕಾಟ್‌ಲ್ಯಾಂಡಿನ ಕಡಲ ತೋಳುಗಳಲ್ಲಿ ಮುಳುಗುಗಾರರು ಒಂದು ಉಪಾಯ ಮಾಡಿದರು. ಕೆಳಗೆ ಇಳಿದು ಬಿಲದ ಬಾಯಿಗೆ ದ್ರವ ರೆಸಿನ್ ಸುರಿದರು. ಅದು ಮೂಲೆ ಮೂಲೆಗೂ ಹರಿದು ಗಟ್ಟಿಯಾಯಿತು. ಆಮೇಲೆ ಸುತ್ತಲಿನ ಕೆಸರು ಬಿಡಿಸಿ ಎತ್ತಿಕೊಂಡು ಬಂದರು. ಬೀದರಿನ ಬಿದರಿ ಕೆಲಸದವರು ಮಣ್ಣಿನ ಅಚ್ಚಿಗೆ ಕರಗಿದ ಲೋಹ ಎರೆದು, ಆಮೇಲೆ ಅಚ್ಚು ಒಡೆದು ಪಾತ್ರೆ ತೆಗೆಯುತ್ತಾರಲ್ಲ, ಹಾಗೆಯೇ. ಇಲ್ಲಿ ಅಚ್ಚು ಮಾಡಿಕೊಟ್ಟದ್ದು ಮಾತ್ರ ಒಂದು ಕುರುಡು ಸಿಗಡಿ.

ಆ ಎರಕದಲ್ಲಿ ಏನು ಕಂಡಿತು? ಯು ಆಕಾರದ ಸುರಂಗಗಳು, ಒಂದಕ್ಕೊಂದು ಹೆಣೆದುಕೊಂಡಿವೆ. ಕವಲೊಡೆಯುವ ಜಾಗದಲ್ಲಿ ಪ್ರಾಣಿ ತಿರುಗಿ ನಿಲ್ಲುವಷ್ಟು ಅಗಲ. ಹೊರಗೆ ಹಲವು ಬಾಯಿಗಳು. ಆಳ ಸುಮಾರು ಒಂದು ಗೇಣು, 20 ಸೆಂಟಿಮೀಟರ್. ಕಿರುಬೆರಳಿನಷ್ಟು ಮೈಗೆ ಅದು ಬಂಗಲೆ. ತೋಡುವಾಗ ಕಾಲುಗಳಿಂದ ಕೆಸರು ಸಡಿಲ ಮಾಡಿ, ಮುಂಗಾಲುಗಳನ್ನು ಬುಟ್ಟಿಯ ಹಾಗೆ ಕೂಡಿಸಿ, ಅದರಲ್ಲಿ ತುಂಬಿಕೊಂಡು ಹೊತ್ತು ಹಾಕುತ್ತದೆ. ಬಾವಿ ತೋಡುವವರು ಮಣ್ಣು ಎತ್ತಿದ ಹಾಗೆ, ಬುಟ್ಟಿ ಬುಟ್ಟಿಯಾಗಿ. ಒಮ್ಮೆ ತೋಡಿ ಸುಮ್ಮನೆ ಕೂರುವುದಿಲ್ಲ. ಹಳೆಯ ದಾರಿ ಮುಚ್ಚುತ್ತದೆ, ಹೊಸದು ತೆರೆಯುತ್ತದೆ. ಊಟವೂ ಅದೇ ಕೆಸರು. ಮೇಲಿನಿಂದ ಸತ್ತು ಬಿದ್ದ ಸಣ್ಣ ಜೀವಿಗಳ ಚೂರು ಕೆಸರಿನಲ್ಲಿ ಬೆರೆತಿರುತ್ತದೆ, ಅದನ್ನು ಕೆಸರಿನ ಸಮೇತ ತಿಂದು ಬಾಕಿ ಬಿಡುತ್ತದೆ.

ಉಸಿರು? ಇದಕ್ಕೆ ಒಂದು ನಮ್ಮ ಊರಿನ ಉದಾಹರಣೆ ಇದೆ. ಹಿರಿಯರು ಹಗೇವು ನೋಡಿರುತ್ತೀರಿ. ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದ ನೆಲದಡಿಯ ಕಣಜ. ತೆರೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಜೋಳವೂ ಹುಳವೂ ಸೇರಿ ಗಾಳಿಯೊಳಗಿನ ಆಮ್ಲಜನಕ ಮುಗಿಸಿರುತ್ತವೆ. ನಮ್ಮ ಅಜ್ಜ ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಹೊತ್ತು ಕಾಯಬೇಕು. ಕಡಲ ಕೆಸರೂ ಹಾಗೆಯೇ. ಮೇಲಿನ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್ ಬಿಟ್ಟರೆ ಕೆಳಗೆ ಆಮ್ಲಜನಕ ಇಲ್ಲ. ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಕರಿ ಕೆಸರು.

ಹಾಗಾದರೆ ಒಂದು ಗೇಣು ಕೆಳಗೆ ಕ್ಯಾಲೊಕ್ಯಾರಿಸ್ ಬದುಕುವುದು ಹೇಗೆ? ಇದಕ್ಕೆ ನಾನು ನಿಮ್ಮನ್ನು ಬೀದರಿಗೆ ಕರೆದುಕೊಂಡು ಹೋಗಬೇಕು. ನೌಬಾದಿನ ಕರೇಜ್ ನೋಡಿದ್ದೀರಾ? ಬಹಮನಿಗಳ ಕಾಲದ ಸುರಂಗ ನಾಲೆ. ನೆಲದಡಿ ನೀರಿನ ದಾರಿ, ಅಲ್ಲಲ್ಲಿ ಮೇಲಕ್ಕೆ ಬಾವಿಯಂಥ ಬಾಯಿಗಳು. ಆ ಬಾಯಿಗಳಿಂದ ಗಾಳಿ ಬೆಳಕು ಒಳಗೆ ಬರುತ್ತದೆ, ಒಳಗಿನ ಹೂಳು ಮೇಲೆ ಬರುತ್ತದೆ. ಒಂದೇ ಬಾಯಿ ಇದ್ದರೆ ಅದು ಹಗೇವು. ಬಾಯಿಗಳು ಹಲವಿದ್ದರೆ ಕರೇಜ್. ಕ್ಯಾಲೊಕ್ಯಾರಿಸ್ ಕಟ್ಟುವುದು ಕರೇಜನ್ನು. ಹೊಟ್ಟೆಯ ಕೆಳಗಿನ ಸಣ್ಣ ಕಾಲುಗಳನ್ನು ಬೀಸಣಿಗೆಯ ಹಾಗೆ ಬೀಸುತ್ತದೆ. ಒಂದು ಬಾಯಿಂದ ಹೊಸ ನೀರು ಒಳಗೆ, ಇನ್ನೊಂದರಿಂದ ಹಳೆ ನೀರು ಹೊರಗೆ. ಆದರೂ ಒಳಗೆ ಆಮ್ಲಜನಕ ಕಡಿಮೆಯೇ. ಅದಕ್ಕೆ ತಕ್ಕ ರಕ್ತ ಇದಕ್ಕಿದೆ. ಏಡಿ ಸಿಗಡಿಗಳ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣ ಅಲ್ಲ, ತಾಮ್ರ ಇರುತ್ತದೆ. ಇದರ ರಕ್ತ ಚೂರುಪಾರು ಆಮ್ಲಜನಕವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈಗ ಆ ನೀರು ಹರಿದ ಸುರಂಗದ ಗೋಡೆ ನೋಡಿ. ಕರಿ ಕೆಸರಿನ ನಡುವೆ ಗೋಡೆಯ ಸುತ್ತ ಕಂದು ಬಣ್ಣದ ಪಟ್ಟಿ. ಆಮ್ಲಜನಕ ಅಲ್ಲಿಯ ತನಕ ಮುಟ್ಟಿದೆ. ಅಲ್ಲಿ ಬೇರೆ ಬ್ಯಾಕ್ಟೀರಿಯಾ ಬಂದಿವೆ, ಕೊಳೆಯುವ ಬಗೆ ಬದಲಾಗಿದೆ, ಸಾರಜನಕ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುತ್ತಿದೆ. ಕಡಲ ತಳದ ಮೇಲ್ಮೈ ಸಪಾಟು ಬಯಲಿನಷ್ಟೇ ಅಲ್ಲ, ಅದರೊಳಗೆ ಮಡಚಿಟ್ಟ ಸುರಂಗದ ಗೋಡೆಗಳಷ್ಟು ಕೂಡ. ಇದು ನನಗೆ ಬಹಳ ಹಿಡಿಸಿದ ವಿಷಯ.

ಬದುಕಿನ ಲೆಕ್ಕ ಬೇಗ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡ್ ಕರಾವಳಿಯಾಚೆ ಜೆ.ಬಿ. ಬುಕಾನನ್ ಎಂಬ ವಿಜ್ಞಾನಿ ಈ ಪ್ರಾಣಿಯ ಹಿಂದೆ 10 ವರ್ಷ ಬಿದ್ದರು. ಯಾಕೆ 10? ಒಂದು ಕ್ಯಾಲೊಕ್ಯಾರಿಸ್‌ನ ಆಯಸ್ಸೇ ಹತ್ತಿರ ಹತ್ತಿರ ಅಷ್ಟು. ಮೊದಲ ಸಲ ಮೊಟ್ಟೆ ಇಡುವುದು ಸುಮಾರು 5 ವರ್ಷಕ್ಕೆ. ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ನಾವು ತಿನ್ನುವ ಹೆಚ್ಚಿನ ಸಿಗಡಿಗಳು ಲಕ್ಷಗಟ್ಟಲೆ ಮೊಟ್ಟೆ ನೀರಿಗೆ ಬಿಟ್ಟುಬಿಡುತ್ತವೆ. ಇದು ಇಡುವುದು ಕೆಲವೇ ಕೆಲವು ದಪ್ಪ ಮೊಟ್ಟೆ, ಅವನ್ನು ತಿಂಗಳುಗಟ್ಟಲೆ ಹೊಟ್ಟೆಯ ಕೆಳಗೆ ಹೊತ್ತುಕೊಂಡೇ ಇರುತ್ತದೆ. ಇನ್ನೊಂದು ಸಂಗತಿ. ಇದು ಮೊದಲು ಗಂಡಾಗಿ ಶುರು ಮಾಡಿ, ಆಮೇಲೆ ಹೆಣ್ಣಿನ ಅಂಗವನ್ನೂ ಬೆಳೆಸಿಕೊಳ್ಳುತ್ತದೆ. ಒಂದೇ ದೇಹದಲ್ಲಿ ಎರಡೂ. ಕತ್ತಲೆಯ ಬಯಲಿನಲ್ಲಿ ಒಂಟಿ ಮನೆ ಮಾಡಿಕೊಂಡವರಿಗೆ, ಅಪರೂಪಕ್ಕೆ ಎದುರಾಗುವ ಯಾರೇ ಆದರೂ ಜೋಡಿಯಾಗಬಲ್ಲರು ಅಂದರೆ ಎಷ್ಟು ಅನುಕೂಲ ಅಲ್ವಾ?

ತಿನ್ನುವುದಕ್ಕೆ ಇದನ್ನು ಯಾರೂ ಹಿಡಿಯುವುದಿಲ್ಲ. ಅದೇ ಕೆಸರಿನಲ್ಲಿ ಪಕ್ಕದ ಮನೆಯವರಾಗಿರುವ ನೆಫ್ರಾಪ್ಸ್ ಅನ್ನುವ ನಳ್ಳಿಯನ್ನು ಮಾತ್ರ ಯುರೋಪಿನಲ್ಲಿ ಬಹಳ ಹಿಡಿಯುತ್ತಾರೆ. ಅದೂ ಬಿಲದ ಪ್ರಾಣಿ. ಎಷ್ಟು ಉಳಿದಿವೆ ಅಂತ ತಿಳಿಯಬೇಕಾದರೆ ಕ್ಯಾಮೆರಾ ಕಟ್ಟಿದ ಜಾರುಬಂಡಿಯನ್ನು ಕಡಲ ತಳದಲ್ಲಿ ಎಳೆದು, ವಿಡಿಯೋದಲ್ಲಿ ಬಿಲದ ಬಾಯಿಗಳನ್ನು ಎಣಿಸುತ್ತಾರೆ. ಜನಗಣತಿಯವರು ಮನೆ ಎಣಿಸಿದ ಹಾಗೆ. ಒಳಗಿನವರು ಹೊರಗೆ ಬರಲಿ ಅಂತ ಕಾಯುವುದಿಲ್ಲ.

ಈಗ ಈ ಬಿಲಗಳೆಲ್ಲ ಸೇರಿ ಏನು ಮಾಡುತ್ತವೆ ನೋಡಿ. ಕ್ಯಾಲೊಕ್ಯಾರಿಸ್ ಒಂದೇ ಅಲ್ಲ. ಹುಳಗಳು, ಚಿಪ್ಪಿನ ಪ್ರಾಣಿಗಳು, ಕಡಲ ಸೌತೆ, ಏಡಿ, ಎಲ್ಲಾ ಸೇರಿ ಲೋಕದ ಕಡಲುಗಳ ತಳದ ಮೇಲಿನ ಸುಮಾರು 10 ಸೆಂಟಿಮೀಟರ್ ಕೆಸರನ್ನು ಸದಾ ಕಲಸುತ್ತಲೇ ಇರುತ್ತವೆ. ಇವತ್ತು ಬಿದ್ದದ್ದು ಕೆಳಗೆ, ಎಂದೋ ಬಿದ್ದದ್ದು ಮೇಲೆ. ನಡುಗಡಲಿನಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಕೆಸರು ಕೂರುತ್ತದೆ. ಲೆಕ್ಕ ಹಾಕಿ. 10 ಸೆಂಟಿಮೀಟರ್ ಕಲಸಿದರೆ ಕನಿಷ್ಠ 5,000 ವರ್ಷದ ಪುಟಗಳು ಒಂದರೊಳಗೊಂದು ಸೇರಿಹೋದವು.

ಭೂಮಿಯ ಮೇಲೆ ಇದನ್ನೇ ಎರೆಹುಳು ಮಾಡುತ್ತದೆ. ಚಾರ್ಲ್ಸ್ ಡಾರ್ವಿನ್ ಕೊನೆಗಾಲದಲ್ಲಿ, 1881ರಲ್ಲಿ, ಎರೆಹುಳದ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಇಂಗ್ಲೆಂಡಿನ ಹಲವು ಕಡೆ ಒಂದೊಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಜಾಸ್ತಿ ಮಣ್ಣು ಎರೆಹುಳಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆ ಅಂತ ಲೆಕ್ಕ ಕೊಟ್ಟರು. ನಮ್ಮ ಎರೆ ಭೂಮಿಯಂತೂ ಹುಳದ ನೆರವಿಲ್ಲದೆ ತನ್ನನ್ನು ತಾನೇ ಉಳುತ್ತದೆ. ತೊಗರಿ ಕೊಯ್ದ ಮೇಲೆ ಬೇಸಿಗೆಯಲ್ಲಿ ಹೊಲಕ್ಕೆ ಹೋಗಿ. ಕೈ ಇಳಿಯುವಷ್ಟು ಬಿರುಕು. ಮೇಲಿನ ಮಣ್ಣು ಉದುರಿ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಜೇಡಿ ಉಬ್ಬುತ್ತದೆ, ಕೆಳಗಿನದು ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಅಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ನೆಲ ಇದೆ. ಒಂದು, ಒಂದು ಕ್ಷಣವೂ ಸುಮ್ಮನಿರದೆ ಕಲಸಿಕೊಳ್ಳುವ ಎರೆ. ಇನ್ನೊಂದು, ಕೂತ ದಿನದಿಂದ ಯಾರೂ ಕಲಸದ ಪರಸಿ.

ಯಾರೂ ಯಾಕೆ ಕಲಸಲಿಲ್ಲ? ಕಲಸುವವರೇ ಇನ್ನೂ ಹುಟ್ಟಿರಲಿಲ್ಲ. ಉತ್ತರದ ಉಳಿದ ಅರ್ಧ ಇದು. ನಮ್ಮ ಸುಣ್ಣಕಲ್ಲು ಕೂತ ಕಾಲಕ್ಕೆ ಕಡಲಿನಲ್ಲಿ ಜೀವ ಇತ್ತು, ಆದರೆ ಸಣ್ಣ ಸಣ್ಣ ಜೀವ. ಬ್ಯಾಕ್ಟೀರಿಯಾ, ಪಾಚಿ. ಕೆಸರಿನ ಮೇಲೆ ಅವು ಕಂಬಳಿಯ ಹಾಗೆ ಹಾಸಿಕೊಳ್ಳುತ್ತಿದ್ದ ಕಾಲ ಅದು. ಕೆಸರೊಳಗೆ ಇಳಿದು ತೋಡುವ ಪ್ರಾಣಿ ಇರಲಿಲ್ಲ.

ಬಿಲ ಎಷ್ಟು ದೊಡ್ಡ ಘಟನೆ ಅಂದರೆ, ಭೂಮಿಯ ಚರಿತ್ರೆಯ ಒಂದು ದೊಡ್ಡ ಗಡಿಯನ್ನೇ ಬಿಲದಿಂದ ಗುರುತಿಸಿದ್ದಾರೆ. ಕೇಂಬ್ರಿಯನ್ ಯುಗ ಶುರುವಾಗುವುದು ಸುಮಾರು 53.9 ಕೋಟಿ ವರ್ಷದ ಹಿಂದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಒಂದು ಬಂಡೆಯಲ್ಲಿ ಅದರ ಗೆರೆ ಎಳೆದಿದ್ದಾರೆ. 1992ರಲ್ಲಿ ಲೋಕದ ಭೂವಿಜ್ಞಾನಿಗಳು ಅದನ್ನು ಒಪ್ಪಿದರು. ಆ ಗೆರೆ ಎಲ್ಲಿ ಎಳೆಯಬೇಕು ಅಂತ ಹೇಳಿದ್ದು ಚಿಪ್ಪೂ ಅಲ್ಲ, ಎಲುಬೂ ಅಲ್ಲ. ಟ್ರೆಪ್ಟಿಕ್ನಸ್ ಪೆಡಮ್ ಅಂತ ಕರೆಯುವ ಒಂದು ಬಿಲದ ಗುರುತು. ಹುಳದಂಥ ಏನೋ ಒಂದು ಕೆಸರಿಗೆ ತಲೆ ಹಾಕಿ, ಮೇಲೆ ಬಂದು, ಮತ್ತೆ ಪಕ್ಕದಲ್ಲಿ ತಲೆ ಹಾಕಿದ ಗುರುತು. ಜರ್ಮನಿಯ ಅಡಾಲ್ಫ್ ಸೈಲಾಕರ್ ಎಂಬ ವಿಜ್ಞಾನಿ ಆ ಕಾಲದ ಬದಲಾವಣೆಗೆ ಒಕ್ಕಲುತನದ ಕ್ರಾಂತಿ ಅನ್ನುವ ಅರ್ಥದ ಹೆಸರು ಕೊಟ್ಟರು. ಕಡಲ ತಳವನ್ನು ಮೊದಲ ಸಲ ಉತ್ತ ಕಾಲ. ಒಕ್ಕಲುತನ ಮಾಡುವ ಈ ಸೀಮೆಯಲ್ಲಿ ನಿಂತು ಆ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ. ಪರಸಿ ಅಂದರೆ ಉಳದ ಕಡಲು. ಕ್ಯಾಲೊಕ್ಯಾರಿಸ್ ಇರುವುದು ಉತ್ತ ಕಡಲಿನಲ್ಲಿ.

ಪದರ ಇರುವ ಕಲ್ಲೆಲ್ಲ ಪ್ರಾಣಿಗಳಿಗಿಂತ ಹಳೆಯದು ಅಂತ ಮಾತ್ರ ತಿಳಿಯಬೇಡಿ. ಆಮೇಲಿನ ಕಾಲದಲ್ಲೂ ಕೆಸರು ಬೇಗ ಬೇಗ ಕೂತಲ್ಲಿ, ಉಸಿರಿಲ್ಲದಲ್ಲಿ ಪದರ ಉಳಿದಿದೆ. ಹಾಗೆಯೇ ಗುಜರಾತಿನ ಕಚ್ಛ್‌ಗೆ ಹೋದರೆ ಜುರಾಸಿಕ್ ಕಾಲದ ಕಲ್ಲುಗಳ ಮೈತುಂಬ ಕವಲೊಡೆದ ಬಿಲಗಳ ಗುರುತು. ಥಲಸಿನಾಯ್ಡಿಸ್ ಅನ್ನುತ್ತಾರೆ. ಕ್ಯಾಲೊಕ್ಯಾರಿಸ್‌ನಂಥ ಪ್ರಾಣಿಗಳೇ ಅವನ್ನು ತೋಡಿದವು. ಆ ಕಲ್ಲನ್ನು ನಮ್ಮ ಮಾವನ ಕೈಗೆ ಕೊಟ್ಟಿದ್ದರೆ ಮಂಚದಗಲದ ಹಾಸು ಎಬ್ಬಿಸುವುದು ಅವರಿಗೂ ಆಗುತ್ತಿರಲಿಲ್ಲ.

ಉಸಿರಿಲ್ಲದ ಜಾಗ ಅಂದೆ. ಅದು ದೂರ ಇಲ್ಲ, ನಮ್ಮ ಅರಬ್ಬಿ ಕಡಲಿನಲ್ಲೇ ಇದೆ. ಸುಮಾರು 150 ಮೀಟರಿನಿಂದ 1000 ಮೀಟರಿನ ತನಕ ಅಲ್ಲಿ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಮುಂಗಾರು ಗಾಳಿ ಬೀಸಿದಾಗ ಕೆಳಗಿನ ಸಾರವುಳ್ಳ ನೀರು ಮೇಲೆ ಬರುತ್ತದೆ. ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಸತ್ತು ಕೆಳಗೆ ಬೀಳುತ್ತದೆ. ಅದು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ನಮ್ಮ ತೊಗರಿಗೆ ಮಳೆ ತರುವ ಅದೇ ಗಾಳಿ, ಕಡಲಿನ ನಡು ಆಳದಲ್ಲಿ ಹಗೇವು ಮಾಡಿಡುತ್ತದೆ. ಪಾಕಿಸ್ತಾನದ ಕರಾವಳಿಯಾಚೆ ಆ ಆಳದ ಕೆಸರಿಗೆ ಕೊಳವೆ ಇಳಿಸಿ ಎತ್ತಿದಾಗ ಸಿಕ್ಕಿದ್ದು ಏನು ಗೊತ್ತಾ? ತಿಳಿ ಗೆರೆ, ಗಾಢ ಗೆರೆ, ತಿಳಿ ಗೆರೆ, ಗಾಢ ಗೆರೆ. ಕಾಗದದಷ್ಟು ತೆಳ್ಳಗೆ. ಬಿಲ ತೋಡುವವರು ಅಲ್ಲಿ ಉಸಿರಾಡಲಾರರು, ಅದಕ್ಕೆ ಯಾರೂ ಕಲಸಿಲ್ಲ. ಹಳೆಯ ಮುಂಗಾರುಗಳ ಏರಿಳಿತವನ್ನು ವಿಜ್ಞಾನಿಗಳು ಆ ಗೆರೆಗಳಲ್ಲಿ ಓದುತ್ತಾರೆ. ಮೊದಲ ಸಲ ಅದರ ಚಿತ್ರ ನೋಡಿದಾಗ, ಇದು ನಮ್ಮ ಖಣಿಯ ದಂಡೆಯಲ್ಲವೇ ಅಂದುಕೊಂಡೆ.

ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಸರ್, ಹಾಗಾದರೆ ಶಹಾಬಾದ್ ಕಲ್ಲಿನಲ್ಲಿ ಒಂದೇ ಒಂದು ಬಿಲ ಸಿಕ್ಕಿಬಿಟ್ಟರೆ?

ಸಿಕ್ಕರೆ ದೊಡ್ಡ ಸುದ್ದಿ. ಇಂಥ ಒಂದು ಸುದ್ದಿ ನಮ್ಮ ದೇಶದಿಂದಲೇ ಹೊರಟಿತ್ತು. 1998ರಲ್ಲಿ ಸೈಲಾಕರ್ ಮತ್ತು ಜೊತೆಗಾರರು ಮಧ್ಯಪ್ರದೇಶದ ಚೋರ್ಹಾಟ್ ಮರಳುಗಲ್ಲಿನಲ್ಲಿ ಹುಳದ ಬಿಲದ ಗುರುತು ಸಿಕ್ಕಿದೆ, ಅದು 100 ಕೋಟಿ ವರ್ಷಕ್ಕೂ ಹಳೆಯದು ಅಂತ ಬರೆದರು. ಲೋಕವೆಲ್ಲ ಈ ಕಡೆ ತಿರುಗಿ ನೋಡಿತು. ಆಮೇಲೆ ಆ ಕಲ್ಲಿನ ವಯಸ್ಸು ಇನ್ನೂ ಜಾಸ್ತಿ, 160 ಕೋಟಿ ವರ್ಷ ಅಂತ ಬಂತು. ಅಷ್ಟು ಹಿಂದೆ ಹುಳ ಇರಲು ಸಾಧ್ಯವೇ ಅಂತ ಹೆಚ್ಚಿನವರು ಆ ಗುರುತನ್ನೇ ಅನುಮಾನಿಸಿದರು. ಬಿಲದ ಬಗ್ಗೆ ಆ ಮನುಷ್ಯನಿಗಿಂತ ಹೆಚ್ಚು ಬಲ್ಲವರು ಕಡಿಮೆ. ಅಂಥವರಿಗೂ ಕಲ್ಲಿನ ಮೇಲಿನ ಒಂದು ಗೆರೆ ಅಷ್ಟು ಕಷ್ಟ ಕೊಟ್ಟಿತು.

ನನಗೂ ಕೊಟ್ಟಿದೆ. ಪದವಿ ಓದುವಾಗ ಒಂದು ಪರಸಿ ತುಂಡಿನ ಮೇಲೆ ಅಂಕುಡೊಂಕಾದ ಗೆರೆ ಕಂಡು, ಹುಳದ ದಾರಿ ಸಿಕ್ಕಿತು ಅಂತ ಎದೆಗವಚಿಕೊಂಡು ನಮ್ಮ ಮೇಷ್ಟ್ರ ಮನೆಗೆ ಓಡಿದ್ದೆ. ಅವರು ಬೈಯಲಿಲ್ಲ. ಒಂದು ತಂಬಿಗೆ ನೀರು ತಂದು ಕಲ್ಲಿನ ಮೇಲೆ ಸುರಿದರು, ಅಂಚನ್ನು ಒರೆಸಿ ಬೆಳಕಿಗೆ ಹಿಡಿದರು. ಗೆರೆ ಗರಗಸದ ಹಲ್ಲಿನ ಹಾಗೆ ಕಲ್ಲಿನ ಉದ್ದಕ್ಕೂ ಹೋಗಿತ್ತು. ಮೇಲಿನ ಭಾರಕ್ಕೆ ಸುಣ್ಣ ಕರಗಿ ಉಳಿದ ಹೊಲಿಗೆ ಅದು, ಸ್ಟೈಲೊಲೈಟ್ ಅನ್ನುತ್ತಾರೆ. ಸುಣ್ಣಕಲ್ಲಿನ ಮೇಲೆ ಕೆಲವೊಮ್ಮೆ ಗಿಡದ ರೆಂಬೆಯಂಥ ಕರಿ ಚಿತ್ತಾರ ಕಾಣುತ್ತದಲ್ಲ, ಅದೂ ಗಿಡವಲ್ಲ. ಸಂದಿನಲ್ಲಿ ಇಳಿದ ನೀರು ಬಿಟ್ಟು ಹೋದ ಮ್ಯಾಂಗನೀಸ್.

ಹಾಗಾಗಿ ನಿಮಗೆ ಏನಾದರೂ ಕಂಡರೆ ಮೊದಲು ನೀರು ಸುರಿಯಿರಿ. ಒದ್ದೆ ಕಲ್ಲಿನಲ್ಲಿ ಬಣ್ಣ ಎದ್ದು ಕಾಣುತ್ತದೆ. ಮೇಲಿನ ಮುಖ ಬಿಟ್ಟು ಅಂಚು ನೋಡಿ. ಆ ಗೆರೆ ಪದರದ ಮೇಲೆಯೇ ಹರಿದಾಡಿದೆಯಾ, ಇಲ್ಲಾ ಪದರವನ್ನು ಕೊಯ್ದು ಕೆಳಗಿನದಕ್ಕೆ ಇಳಿದಿದೆಯಾ? ಇಳಿದಿದ್ದರೆ ಒಳಗೆ ತುಂಬಿರುವುದು ಸುತ್ತಲಿನ ಕಲ್ಲೇನಾ, ಬೇರೆ ಬಣ್ಣದ್ದಾ? ಪಕ್ಕದ ಪದರಗಳು ಬಾಗಿವೆಯಾ? ಒಳಗೆ ಬೇರೆ ಬಣ್ಣವೇ ಇದ್ದರೆ, ಪದರಗಳೂ ಬಾಗಿದ್ದರೆ, ದಯವಿಟ್ಟು ಆ ಹಾಸನ್ನು ಒಡೆಯಲು ಬಿಡಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಯಾವ ಊರು, ಯಾವ ಖಣಿ, ಮೇಲಿನಿಂದ ಎಷ್ಟನೇ ಪದರ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಯಾವ ಹೊತ್ತಾದರೂ ಸರಿ, ನನಗೊಂದು ಫೋನ್ ಮಾಡಿ. ತಂಬಿಗೆ ಹಿಡಿದುಕೊಂಡು ನಾನೇ ಬರುತ್ತೇನೆ.